ಎಲೆನ್ ಹಾರ್ಡಿನ್ ವಾಲ್ವರ್ತ್

ಎಲೆನ್ ಹಾರ್ಡಿನ್ ವಾಲ್ವರ್ತ್ (20 ಅಕ್ಟೋಬರ್ 1832 – 23 ಜೂನ್ 1915) ಅಮೆರಿಕ ಸಂಯುಕ್ತ ಸಂಸ್ಥಾನದ ಇತಿಹಾಸ ಲೇಖಕಿ, ಶಿಕ್ಷಕಿ ಹಾಗೂ ಸಮಾಜಸೇವಕಿ. ಅಮೆರಿಕದ ಸ್ವಾತಂತ್ರ್ಯ ಹೋರಾಟಗಾರರ ವಂಶದ ಮಹಿಳೆಯರ ಸಂಘಟನೆಯಾದ ಡಾಟರ್ಸ್ ಆಫ್ ದಿ ಅಮೆರಿಕನ್ ರೆವಲ್ಯೂಷನ್ ಸಂಸ್ಥೆಯ ಸ್ಥಾಪಕಿಯರಲ್ಲಿ ಇವರು ಒಬ್ಬರು. ಆ ಸಂಸ್ಥೆಯ ಮಾಸಪತ್ರಿಕೆಯ ಮೊದಲ ಸಂಪಾದಕಿಯೂ ಹೌದು. ನ್ಯೂಯಾರ್ಕ್ ರಾಜ್ಯದ ಸರಟೋಗಾ ಯುದ್ಧಭೂಮಿಯಲ್ಲಿ ಗುರುತುಕಲ್ಲುಗಳನ್ನು ನೆಡಿಸಿದ ಕಾರ್ಯ, ರಾಷ್ಟ್ರೀಯ ಪತ್ರಾಗಾರವೊಂದು ಬೇಕೆಂದು 1893ರಲ್ಲಿಯೇ ಮಂಡಿಸಿದ ವಾದ ಮತ್ತು ಶಾಲಾ ಮಂಡಳಿಗೆ ಚುನಾಯಿತರಾದ ಆರಂಭಿಕ ಮಹಿಳೆಯರಲ್ಲಿ ಒಬ್ಬರೆಂಬ ಹಿರಿಮೆ ಇವರ ಹೆಸರಿನೊಂದಿಗೆ ಸೇರಿವೆ. ಮಗನೇ ತಂದೆಯನ್ನು ಗುಂಡಿಕ್ಕಿ ಕೊಂದ 1873ರ ಪ್ರಕರಣದಿಂದ ಇವರ ಕೌಟುಂಬಿಕ ಜೀವನ ದೇಶದಾದ್ಯಂತ ಚರ್ಚೆಗೆ ಒಳಗಾಗಿತ್ತು. ಇವರ ಸಾರ್ವಜನಿಕ ಸೇವೆಯ ಬಹುಭಾಗ ಆ ದುರಂತದ ನಂತರದ ವರ್ಷಗಳಲ್ಲಿ ನಡೆಯಿತು.

ಜನನ ಮತ್ತು ಬಾಲ್ಯ

ಎಲೆನ್ ಅವರು ಇಲಿನಾಯ್ ರಾಜ್ಯದ ಜಾಕ್ಸನ್‌ವಿಲ್ ಪಟ್ಟಣದಲ್ಲಿ ಜನಿಸಿದರು. ತಂದೆ ಜಾನ್ ಜೆ. ಹಾರ್ಡಿನ್ ವಕೀಲರಾಗಿದ್ದು, ವಿಗ್ ಪಕ್ಷದಿಂದ ಅಮೆರಿಕದ ಕಾಂಗ್ರೆಸ್ಸಿಗೆ ಆಯ್ಕೆಯಾಗಿದ್ದರು. ತಾಯಿ ಸಾರಾ ಎಲೆನ್ ಸ್ಮಿತ್. ತಾತ ಮಾರ್ಟಿನ್ ಡಿ. ಹಾರ್ಡಿನ್ ಕೆಂಟುಕಿ ರಾಜ್ಯವನ್ನು ಸೆನೆಟ್ಟಿನಲ್ಲಿ ಪ್ರತಿನಿಧಿಸಿದ್ದವರು. ಅಬ್ರಹಾಂ ಲಿಂಕನ್ ಮತ್ತು ಜಾನ್ ಹಾರ್ಡಿನ್ ಒಂದೇ ಪಕ್ಷದ ಸ್ನೇಹಿತರೂ ಪ್ರತಿಸ್ಪರ್ಧಿಗಳೂ ಆಗಿದ್ದರು. 1842ರಲ್ಲಿ ಲಿಂಕನ್ ಹಾಗೂ ಜೇಮ್ಸ್ ಶೀಲ್ಡ್ಸ್ ನಡುವೆ ನಡೆಯಲಿದ್ದ ದ್ವಂದ್ವಯುದ್ಧವನ್ನು ತಪ್ಪಿಸಿ ಸಂಧಾನ ಮಾಡಿಸಿದವರಲ್ಲಿ ಹಾರ್ಡಿನ್ ಒಬ್ಬರು. ಮರುವರ್ಷ ಕಾಂಗ್ರೆಸ್ ಉಮೇದುವಾರಿಕೆಗೆ ಪಕ್ಷದೊಳಗೆ ಪೈಪೋಟಿ ಏರ್ಪಟ್ಟಾಗ ಲಿಂಕನ್ನರನ್ನು ಹಿಂದಿಕ್ಕಿದವರೂ ಅವರೇ.

ರಾಜಕೀಯ ಮತ್ತು ಕಾನೂನಿನ ಮಾತುಕತೆ ನಿತ್ಯವೂ ನಡೆಯುತ್ತಿದ್ದ ಮನೆಯಲ್ಲಿ ಎಲೆನ್ ಬೆಳೆದರು. ಜಾಕ್ಸನ್‌ವಿಲ್ ಅಕಾಡೆಮಿಯಲ್ಲಿ ಅವರ ವಿದ್ಯಾಭ್ಯಾಸವಾಯಿತು. ಮೆಕ್ಸಿಕೋ ಯುದ್ಧದಲ್ಲಿ ಇಲಿನಾಯ್‌ನ ಮೊದಲ ಸ್ವಯಂಸೇವಕ ದಳದ ಕರ್ನಲ್ ಆಗಿದ್ದ ತಂದೆ 1847ರ ಫೆಬ್ರವರಿ 23ರಂದು ಬ್ಯೂನಾ ವಿಸ್ಟಾ ಕದನದಲ್ಲಿ ಮಡಿದರು. ಆಗ ಎಲೆನ್‌ಗೆ ಹದಿನಾಲ್ಕು ವರ್ಷ.

ಸರಟೋಗಾ ಸ್ಪ್ರಿಂಗ್ಸ್ ಮತ್ತು ವಿವಾಹ

ವಿಧವೆಯಾಗಿದ್ದ ತಾಯಿ 1851ರಲ್ಲಿ ರೂಬೆನ್ ಹೈಡ್ ವಾಲ್ವರ್ತ್ ಅವರನ್ನು ಮರುಮದುವೆಯಾದರು. ರೂಬೆನ್ ಅವರು ನ್ಯೂಯಾರ್ಕ್ ರಾಜ್ಯದ ಚಾನ್ಸಲರ್ ಎಂಬ ಉನ್ನತ ನ್ಯಾಯಾಧಿಕಾರದ ಹುದ್ದೆಯನ್ನು ವಹಿಸಿದ್ದವರಲ್ಲಿ ಕೊನೆಯವರು. ಸರಟೋಗಾ ಸ್ಪ್ರಿಂಗ್ಸ್ ಪಟ್ಟಣದಲ್ಲಿದ್ದ ಪೈನ್ ಗ್ರೋವ್ ಎಂಬ ತಮ್ಮ ಮನೆಯ ಕೋಣೆಯೊಂದರಲ್ಲಿಯೇ ಅವರು ನ್ಯಾಯಾಲಯ ನಡೆಸುತ್ತಿದ್ದರು. ತಾಯಿಯೊಂದಿಗೆ ಎಲೆನ್ ಕೂಡ ಈ ಮನೆಗೆ ಬಂದರು. ಖನಿಜಯುಕ್ತ ನೀರಿನ ಬುಗ್ಗೆಗಳಿಗೆ ಹೆಸರಾದ ಸರಟೋಗಾ ಸ್ಪ್ರಿಂಗ್ಸ್‌ಗೆ ಬೇಸಿಗೆಯಲ್ಲಿ ದೇಶದ ಶ್ರೀಮಂತರೂ ರಾಜಕಾರಣಿಗಳೂ ಬಂದು ನೆಲೆಸುತ್ತಿದ್ದರು. ಚಾನ್ಸಲರ್ ಅವರ ಮನೆ ಅಂಥ ಅತಿಥಿಗಳ ತಾಣವಾಗಿತ್ತು.

ರೂಬೆನ್ ಅವರ ಕಿರಿಯ ಮಗ ಮ್ಯಾನ್ಸ್‌ಫೀಲ್ಡ್ ಟ್ರೇಸಿ ವಾಲ್ವರ್ತ್ ಅವರೊಡನೆ ಎಲೆನ್ ಅವರ ವಿವಾಹ 1852ರ ಜುಲೈ 29ರಂದು ನೆರವೇರಿತು. ತಾಯಿಯ ಮರುಮದುವೆಯಿಂದ ಮಲಸಹೋದರನಾಗಿದ್ದವನೇ ಹೀಗೆ ಪತಿಯಾದನು. ಮ್ಯಾನ್ಸ್‌ಫೀಲ್ಡ್ ಕಾನೂನು ಓದಿದ್ದರೂ ವಕೀಲಿಯಲ್ಲಿ ನೆಲೆಯೂರಲಿಲ್ಲ. ರೋಚಕ ಕಾದಂಬರಿಗಳನ್ನು ಬರೆಯುವುದರಲ್ಲಿ ತೊಡಗಿದನು. ಅವುಗಳಲ್ಲಿ 1869ರ ವಾರ್ವಿಕ್ ಕಾದಂಬರಿ ಸ್ವಲ್ಪಮಟ್ಟಿಗೆ ಹೆಸರು ತಂದಿತು. ದಂಪತಿಗಳಿಗೆ ಎಂಟು ಮಕ್ಕಳು ಜನಿಸಿದರಾದರೂ ಎಲ್ಲರೂ ಉಳಿಯಲಿಲ್ಲ.

ಮ್ಯಾನ್ಸ್‌ಫೀಲ್ಡ್‌ನ ಕೋಪ ಮತ್ತು ಹಿಂಸೆಯಿಂದ ಸಂಸಾರ ಸುಖಕರವಾಗಿರಲಿಲ್ಲ. ಅಂತರ್ಯುದ್ಧದ ಕಾಲದಲ್ಲಿ, 1862ರಲ್ಲಿ, ದಕ್ಷಿಣದ ಪಕ್ಷಪಾತಿಯೆಂಬ ಶಂಕೆಯ ಮೇಲೆ ಅವನನ್ನು ವಾಷಿಂಗ್ಟನ್ನಿನಲ್ಲಿ ಬಂಧಿಸಿಡಲಾಗಿತ್ತು. ಎಲೆನ್ ಮಕ್ಕಳೊಂದಿಗೆ ಕೆಲವು ಕಾಲ ಕೆಂಟುಕಿಯಲ್ಲಿ ಪ್ರತ್ಯೇಕವಾಗಿ ವಾಸಿಸಿದರು. 1867ರಲ್ಲಿ ಚಾನ್ಸಲರ್ ತೀರಿಕೊಂಡಾಗ ಮ್ಯಾನ್ಸ್‌ಫೀಲ್ಡ್‌ನ ಪಾಲು ಅವನ ಕೈಗೆ ನೇರವಾಗಿ ದೊರೆಯದೆ ವಿಶ್ವಸ್ತರ ವಶಕ್ಕೆ ಹೋಯಿತು. ಇದು ಅವನ ಕ್ರೋಧವನ್ನು ಇನ್ನಷ್ಟು ಕೆರಳಿಸಿತು. ಕೊನೆಗೆ 1871ರಲ್ಲಿ ಎಲೆನ್ ಅವರು ನ್ಯಾಯಾಲಯದ ಮೂಲಕ ಪತಿಯಿಂದ ಬೇರೆಯಾದರು. ಜೀವನೋಪಾಯಕ್ಕಾಗಿ ಪೈನ್ ಗ್ರೋವ್ ಮನೆಯಲ್ಲಿಯೇ ಹೆಣ್ಣುಮಕ್ಕಳ ಶಾಲೆಯೊಂದನ್ನು ಆರಂಭಿಸಿದರು.

1873ರ ಪ್ರಕರಣ

ಬೇರೆಯಾದ ಮೇಲೂ ಮ್ಯಾನ್ಸ್‌ಫೀಲ್ಡ್ ನ್ಯೂಯಾರ್ಕ್ ನಗರದಿಂದ ಎಲೆನ್ ಅವರಿಗೆ ನಿಂದನೆಯ ಮತ್ತು ಕೊಲೆ ಬೆದರಿಕೆಯ ಪತ್ರಗಳನ್ನು ಬರೆಯುತ್ತಿದ್ದನು. ಹಿರಿಯ ಮಗ ಫ್ರಾಂಕ್ ಈ ಪತ್ರಗಳನ್ನು ತಾಯಿಯ ಕೈಗೆ ಸಿಗದಂತೆ ತಡೆದು ತಾನೇ ಓದುತ್ತಿದ್ದನು. ತಾಯಿಯ ಪ್ರಾಣಕ್ಕೆ ಅಪಾಯವಿದೆಯೆಂದು ನಂಬಿದ ಆ ಹತ್ತೊಂಬತ್ತು ವರ್ಷದ ಯುವಕ ನ್ಯೂಯಾರ್ಕಿಗೆ ಹೋಗಿ, 1873ರ ಜೂನ್ 3ರ ಬೆಳಗ್ಗೆ ಸ್ಟರ್ಟಿವಂಟ್ ಹೌಸ್ ಹೋಟೆಲಿನಲ್ಲಿ ತಂದೆಯನ್ನು ಗುಂಡಿಕ್ಕಿ ಕೊಂದನು. ಬಳಿಕ ತಾನಾಗಿಯೇ ಪೊಲೀಸರಿಗೆ ಶರಣಾದನು.

ಪ್ರತಿಷ್ಠಿತ ಮನೆತನವೊಂದರ ಒಳಗಿನ ಸಂಗತಿಗಳು ಹೀಗೆ ಪತ್ರಿಕೆಗಳ ಮುಖಪುಟಕ್ಕೆ ಬಂದವು. ಮಗನ ಪರವಾಗಿ ಆ ಕಾಲದ ಪ್ರಸಿದ್ಧ ವಕೀಲ ಚಾರ್ಲ್ಸ್ ಓಕಾನರ್ ವಾದಿಸಿದರು. ಮ್ಯಾನ್ಸ್‌ಫೀಲ್ಡ್ ಬರೆದಿದ್ದ ಪತ್ರಗಳನ್ನು ಪ್ರತಿವಾದಿಗಳು ತುಂಬಿದ ನ್ಯಾಯಾಲಯದಲ್ಲಿ ಓದಿಸಿದರು. ಎಲೆನ್ ಅವರು ವರ್ಷಗಳಿಂದ ಮುಚ್ಚಿಟ್ಟುಕೊಂಡು ಬಂದಿದ್ದ ಸಂಕಟ ಮಗನ ಜೀವ ಉಳಿಸುವ ಸಾಕ್ಷ್ಯವಾಗಿ ಬಹಿರಂಗವಾಯಿತು. ಜುಲೈ 2ರಂದು ಜ್ಯೂರಿ ಮಂಡಳಿಯು ಇದು ಎರಡನೆಯ ದರ್ಜೆಯ ಕೊಲೆಯೆಂದು ತೀರ್ಮಾನಿಸಿತು. ಇದರಿಂದ ಮರಣದಂಡನೆ ತಪ್ಪಿ ಜೀವಾವಧಿ ಕಠಿಣ ಶಿಕ್ಷೆ ವಿಧಿಸಲ್ಪಟ್ಟಿತು. ಫ್ರಾಂಕ್‌ನನ್ನು ಮೊದಲು ಸಿಂಗ್ ಸಿಂಗ್ ಸೆರೆಮನೆಯಲ್ಲಿ, ಅನಂತರ ಆಬರ್ನ್‌ನಲ್ಲಿ ಇರಿಸಲಾಯಿತು.

ಮುಂದಿನ ನಾಲ್ಕು ವರ್ಷಗಳನ್ನು ಎಲೆನ್ ಅವರು ಮಗನ ಬಿಡುಗಡೆಯ ಪ್ರಯತ್ನಕ್ಕೆ ಮೀಸಲಿಟ್ಟರು. ಇದಕ್ಕಾಗಿ ಕಾನೂನನ್ನು ಸ್ವತಃ ಅಭ್ಯಾಸ ಮಾಡಿದರು. ಅಧಿಕಾರಿಗಳಿಗೆ ಮನವಿಗಳನ್ನು ಸಲ್ಲಿಸಿದರು. ಖರ್ಚಿಗೆ ಶಾಲೆಯ ಆದಾಯವನ್ನೂ ಮನೆಯಲ್ಲಿ ಇರಿಸಿಕೊಂಡ ಬಾಡಿಗೆದಾರರ ಹಣವನ್ನೂ ಹೊಂದಿಸಿದರು. ಫ್ರಾಂಕ್‌ನ ಮಾನಸಿಕ ಅಸ್ವಾಸ್ಥ್ಯದ ಆಧಾರದ ಮೇಲೆ 1877ರಲ್ಲಿ ಗವರ್ನರ್ ಲೂಸಿಯಸ್ ರಾಬಿನ್ಸನ್ ಕ್ಷಮಾದಾನ ನೀಡಿದರು. ಮನೆಗೆ ಮರಳಿದ ಫ್ರಾಂಕ್ ಮದುವೆಯಾಗಿ ಒಬ್ಬ ಮಗಳ ತಂದೆಯಾದನು. ಆದರೆ ಹೆಚ್ಚು ಕಾಲ ಬದುಕದೆ 1886ರಲ್ಲಿ ತೀರಿಕೊಂಡನು.

ಸರಟೋಗಾ ಯುದ್ಧಭೂಮಿಯ ಸಂರಕ್ಷಣೆ

1777ರ ಸೆಪ್ಟೆಂಬರ್ 19 ಮತ್ತು ಅಕ್ಟೋಬರ್ 7ರಂದು ಹಡ್ಸನ್ ನದಿಯ ಬಳಿ ನಡೆದ ಎರಡು ಕದನಗಳ ಬಳಿಕ ಬ್ರಿಟಿಷ್ ಸೇನಾಪತಿ ಜಾನ್ ಬರ್ಗಾಯ್ನ್ ಅಕ್ಟೋಬರ್ 17ರಂದು ತನ್ನ ಸೈನ್ಯದೊಂದಿಗೆ ಶರಣಾದನು. ಈ ವಿಜಯದಿಂದಾಗಿ ಫ್ರಾನ್ಸ್ ಮರುವರ್ಷ ಅಮೆರಿಕನ್ನರೊಡನೆ ಮೈತ್ರಿ ಒಪ್ಪಂದ ಮಾಡಿಕೊಂಡಿತು. ಸ್ವಾತಂತ್ರ್ಯ ಯುದ್ಧದ ತಿರುವೆಂದು ಪರಿಗಣಿಸಲಾದ ಈ ಘಟನೆ ನಡೆದ ನೆಲ ನೂರು ವರ್ಷಗಳ ನಂತರ ಖಾಸಗಿ ಹೊಲಗದ್ದೆಗಳಾಗಿ ಉಳಿದಿತ್ತು. ಯಾವ ತುಕಡಿ ಎಲ್ಲಿ ನಿಂತಿತ್ತು, ಯಾವ ಸೇನಾನಿ ಎಲ್ಲಿ ಬಿದ್ದನು ಎಂಬುದನ್ನು ಹೇಳಬಲ್ಲ ಗುರುತುಗಳು ಅಳಿಸಿಹೋಗುತ್ತಿದ್ದವು.

1876ರ ಶತಮಾನೋತ್ಸವದ ಸಂದರ್ಭದಲ್ಲಿ ಜಾರ್ಜ್ ವಾಷಿಂಗ್ಟನ್ನರ ನಿವಾಸ ಮೌಂಟ್ ವರ್ನನ್‌ನ ಜೀರ್ಣೋದ್ಧಾರಕ್ಕಾಗಿ ನ್ಯೂಯಾರ್ಕಿನ ಮಹಿಳೆಯರಿಂದ ನಿಧಿ ಸಂಗ್ರಹಿಸುವ ಕೆಲಸದಲ್ಲಿ ಎಲೆನ್ ಅವರು ತೊಡಗಿದ್ದರು. ಮರುವರ್ಷ ಸರಟೋಗಾ ಯುದ್ಧಭೂಮಿಗೆ ಭೇಟಿ ನೀಡುವವರಿಗಾಗಿ ಕೈಪಿಡಿಯೊಂದನ್ನು ಬರೆದು ಪ್ರಕಟಿಸಿದರು. ಸರಟೋಗಾ ಸ್ಮಾರಕ ಸಂಘದ ಏಕೈಕ ಮಹಿಳಾ ಟ್ರಸ್ಟಿಯಾಗಿ ಆಯ್ಕೆಯಾದ ಬಳಿಕ, ಯುದ್ಧಭೂಮಿಯಲ್ಲಿ ಶಿಲಾಫಲಕಗಳನ್ನು ಸ್ಥಾಪಿಸುವ ಸಮಿತಿಯ ಅಧ್ಯಕ್ಷತೆಯನ್ನು ವಹಿಸಿಕೊಂಡರು. ಹಳೆಯ ನಕಾಶೆ ಮತ್ತು ಸೈನಿಕರ ಬರಹಗಳನ್ನು ಸ್ಥಳದೊಂದಿಗೆ ಹೋಲಿಸಿ ಮುಖ್ಯ ಜಾಗಗಳನ್ನು ನಿರ್ಧರಿಸಲಾಯಿತು. ದಾನಿಗಳಿಂದ ಹಣ ಒದಗಿಸಿಕೊಂಡು ಅಲ್ಲಿ ಗುರುತುಕಲ್ಲುಗಳನ್ನು ನೆಡಲಾಯಿತು.

ಸಂಘದ ಇನ್ನೊಂದು ಕಾರ್ಯವಾದ ಸರಟೋಗಾ ಸ್ಮಾರಕಕ್ಕೆ ಶರಣಾಗತಿಯ ಶತಮಾನೋತ್ಸವದ ದಿನವಾದ 1877ರ ಅಕ್ಟೋಬರ್ 17ರಂದು ಅಡಿಗಲ್ಲು ಇಡಲಾಯಿತು. ಸುಮಾರು 155 ಅಡಿ ಎತ್ತರದ ಈ ಕಲ್ಲಿನ ಗೋಪುರದ ಮೂರು ಗೂಡುಗಳಲ್ಲಿ ವಿಜಯಿ ಸೇನಾನಿಗಳ ಪ್ರತಿಮೆಗಳಿವೆ. ಸರಟೋಗಾದಲ್ಲಿ ವೀರಾವೇಶದಿಂದ ಹೋರಾಡಿ ಆನಂತರ ಬ್ರಿಟಿಷರ ಪಕ್ಷ ಸೇರಿದ ಬೆನೆಡಿಕ್ಟ್ ಆರ್ನಾಲ್ಡ್‌ನ ಗೂಡನ್ನು ಖಾಲಿ ಬಿಡಲಾಗಿದೆ. ಒಳಗಿನ ಲೋಹದ ಉಬ್ಬುಶಿಲ್ಪಗಳಲ್ಲಿ, ಬೆಳೆ ಶತ್ರುಗಳ ಪಾಲಾಗದಿರಲೆಂದು ತನ್ನ ಗೋಧಿ ಹೊಲಕ್ಕೆ ತಾನೇ ಬೆಂಕಿಯಿಟ್ಟ ಕ್ಯಾಥರೀನ್ ಸ್ಕೈಲರ್‌ಳ ಚಿತ್ರಣವೂ ಇದೆ. ಯುದ್ಧದ ಇತಿಹಾಸವನ್ನೂ ಸ್ಮಾರಕದ ನಿರ್ಮಾಣದ ಕಥೆಯನ್ನೂ ಒಳಗೊಂಡ ಎಲೆನ್ ಅವರ ಗ್ರಂಥ 1891ರಲ್ಲಿ ಹೊರಬಂದಿತು.

ಶಿಕ್ಷಣ ಕ್ಷೇತ್ರ

ನ್ಯೂಯಾರ್ಕ್ ರಾಜ್ಯದಲ್ಲಿ 1880ರ ಕಾನೂನು ಮಹಿಳೆಯರಿಗೆ ಶಾಲಾ ಚುನಾವಣೆಗಳಲ್ಲಿ ಮತ ನೀಡುವ ಮತ್ತು ಶಾಲಾ ಮಂಡಳಿಗಳಲ್ಲಿ ಸ್ಥಾನ ಪಡೆಯುವ ಹಕ್ಕನ್ನು ನೀಡಿತು. ಇತರ ಚುನಾವಣೆಗಳಲ್ಲಿ ಮತದಾನದ ಹಕ್ಕು ಅಲ್ಲಿನ ಮಹಿಳೆಯರಿಗೆ ದೊರೆತದ್ದು 1917ರಲ್ಲಿ. ಹೊಸ ಕಾನೂನಿನ ಅವಕಾಶವನ್ನು ಬಳಸಿಕೊಂಡು ಎಲೆನ್ ಅವರು ಸರಟೋಗಾ ಸ್ಪ್ರಿಂಗ್ಸ್‌ನ ಶಾಲಾ ಮಂಡಳಿಗೆ ಚುನಾಯಿತರಾದರು. ಪಟ್ಟಣದಲ್ಲಿ ಷೇಕ್ಸ್‌ಪಿಯರ್ ಅಧ್ಯಯನ ಕೂಟವನ್ನೂ, ಕಲೆ ಮತ್ತು ವಿಜ್ಞಾನದ ಕ್ಷೇತ್ರಾಧ್ಯಯನ ಕೂಟವನ್ನೂ ನಡೆಸಿದರು. ವಿಜ್ಞಾನದ ಉನ್ನತಿಗಾಗಿ ಇರುವ ಅಮೆರಿಕನ್ ಸಂಘದ ಸದಸ್ಯತ್ವ ಪಡೆದು, ಹವ್ಯಾಸಿಗಳು ಕ್ಷೇತ್ರಕಾರ್ಯದಲ್ಲಿ ತೊಡಗಬೇಕಾದ ಅಗತ್ಯವನ್ನು ಕುರಿತು ಪ್ರಬಂಧ ಓದಿದರು.

ಡಾಟರ್ಸ್ ಆಫ್ ದಿ ಅಮೆರಿಕನ್ ರೆವಲ್ಯೂಷನ್ ಸ್ಥಾಪನೆ

ಸ್ವಾತಂತ್ರ್ಯ ಯೋಧರ ವಂಶದ ಪುರುಷರು ಸನ್ಸ್ ಆಫ್ ದಿ ಅಮೆರಿಕನ್ ರೆವಲ್ಯೂಷನ್ ಎಂಬ ಸಂಘವನ್ನು 1889ರಲ್ಲಿ ಕಟ್ಟಿಕೊಂಡಿದ್ದರು. ಅದರಲ್ಲಿ ಮಹಿಳೆಯರಿಗೆ ಸದಸ್ಯತ್ವವಿಲ್ಲವೆಂದು 1890ರ ಏಪ್ರಿಲ್‌ನಲ್ಲಿ ನಿರ್ಣಯವಾಯಿತು. ಇದಕ್ಕೆ ಪ್ರತಿಯಾಗಿ ಮೇರಿ ಸ್ಮಿತ್ ಲಾಕ್‌ವುಡ್ ಅವರು ಜುಲೈ 13ರ ವಾಷಿಂಗ್ಟನ್ ಪೋಸ್ಟ್ ಪತ್ರಿಕೆಯಲ್ಲಿ, ಸ್ವಾತಂತ್ರ್ಯ ಹೋರಾಟದ ಕಾಲದ ಹ್ಯಾನಾ ಆರ್ನೆಟ್ ಎಂಬ ಮಹಿಳೆಯ ಧೈರ್ಯವನ್ನು ನೆನಪಿಸಿ, ಸ್ತ್ರೀಯರ ಪಾಲನ್ನು ಮರೆತ ದೇಶಭಕ್ತಿಯನ್ನು ಪ್ರಶ್ನಿಸಿದರು.

1890ರ ಆಗಸ್ಟ್ 9ರಂದು ವಾಷಿಂಗ್ಟನ್ನಿನಲ್ಲಿ ಎಲೆನ್ ಅವರ ಬಿಡಾರದಲ್ಲಿ ಸಭೆಯೊಂದು ಕರೆಯಲ್ಪಟ್ಟಿತು. ಬಿರುಗಾಳಿ ಮಳೆಯ ಆ ಸಂಜೆ ಸೇರಿದವರು ಮೂವರೇ: ಎಲೆನ್, ಕೆಂಟುಕಿಯ ಮೇರಿ ಡೇಶಾ ಮತ್ತು ಜಾರ್ಜ್ ವಾಷಿಂಗ್ಟನ್ನರ ವಂಶದ ಬಂಧುವಾದ ಯುಜೀನಿಯಾ ವಾಷಿಂಗ್ಟನ್. ಮೇರಿ ಡೇಶಾ ಮತ್ತು ಯುಜೀನಿಯಾ ಸರ್ಕಾರಿ ಕಚೇರಿಗಳಲ್ಲಿ ದುಡಿದು ಬದುಕುತ್ತಿದ್ದವರು. ಎಲೆನ್ ಶಾಲೆ ನಡೆಸಿ ಮಕ್ಕಳನ್ನು ಸಾಕಿದವರು. ಸಂಘದ ನಿಯಮಾವಳಿಯ ಕರಡು ಅಂದು ಸಿದ್ಧವಾಯಿತು. ಅಕ್ಟೋಬರ್ 11ರಂದು ಮೇರಿ ಲಾಕ್‌ವುಡ್ ಅವರ ಮನೆಯಲ್ಲಿ ಹದಿನೆಂಟು ಮಹಿಳೆಯರು ಸಹಿ ಹಾಕುವುದರೊಂದಿಗೆ ಸಂಸ್ಥೆ ವಿಧ್ಯುಕ್ತವಾಗಿ ಸ್ಥಾಪನೆಯಾಯಿತು. ಅಧ್ಯಕ್ಷ ಬೆಂಜಮಿನ್ ಹ್ಯಾರಿಸನ್ನರ ಪತ್ನಿ ಕ್ಯಾರೋಲಿನ್ ಹ್ಯಾರಿಸನ್ ಅದರ ಮೊದಲ ಅಧ್ಯಕ್ಷೆಯಾದರು. 1896ರಲ್ಲಿ ಅಮೆರಿಕದ ಕಾಂಗ್ರೆಸ್ ಸಂಸ್ಥೆಗೆ ಸನದು ನೀಡಿತು.

ಈ ಸಂಸ್ಥೆಯ ಬುನಾದಿ ಊರೂರಿನ ಶಾಖೆಗಳು. ಒಂದು ಊರಿನಲ್ಲಿ ಕನಿಷ್ಠ ಹನ್ನೆರಡು ಸದಸ್ಯೆಯರು ಸೇರಿದರೆ ಶಾಖೆಯನ್ನು ಕಟ್ಟಬಹುದಾಗಿತ್ತು. ಅದರ ಮುಖ್ಯಸ್ಥೆಯನ್ನು ರೀಜೆಂಟ್ ಎಂದು ಕರೆಯುವರು. ಮೊದಲ ಶಾಖೆ 1891ರ ಮಾರ್ಚ್ 20ರಂದು ಶಿಕಾಗೋದಲ್ಲಿ ಸಂಘಟಿತವಾಯಿತು. ಎಲೆನ್ ಅವರ ಊರಾದ ಸರಟೋಗಾ ಸ್ಪ್ರಿಂಗ್ಸ್‌ನಲ್ಲಿಯೂ ಸರಟೋಗಾ ಹೆಸರಿನ ಶಾಖೆ ರೂಪುಗೊಂಡಿತು. ಶಾಖೆಗಳಿಗೆ ಆಯಾ ಸ್ಥಳದ ಕದನ, ಕೋಟೆ ಅಥವಾ ವೀರ ವನಿತೆಯರ ಹೆಸರಿಡುವ ರೂಢಿ ಬೆಳೆಯಿತು. ಪಾಳುಬಿದ್ದ ಸಮಾಧಿಗಳನ್ನು ಹುಡುಕಿ ಹೆಸರು ದಾಖಲಿಸುವುದು, ಹಳೆಯ ಮನೆಗಳನ್ನು ಉಳಿಸುವುದು, ಚಾರಿತ್ರಿಕ ಸ್ಥಳಗಳಲ್ಲಿ ಫಲಕ ನೆಡುವುದು, ಚರ್ಚು ಮತ್ತು ಕುಟುಂಬಗಳ ಬೈಬಲ್‌ಗಳಲ್ಲಿ ಬರೆದಿಟ್ಟ ಜನನ ಮರಣಗಳ ವಿವರವನ್ನು ಪ್ರತಿ ಮಾಡಿಕೊಳ್ಳುವುದು ಇವು ಶಾಖೆಗಳ ಮುಖ್ಯ ಕೆಲಸಗಳಾದವು. ಸರಟೋಗಾದಲ್ಲಿ ಎಲೆನ್ ಅವರು ಮಾಡಿದ್ದ ಕೆಲಸವೇ ಹೀಗೆ ದೇಶದ ಸಣ್ಣ ಪಟ್ಟಣಗಳಲ್ಲಿ ನಡೆಯತೊಡಗಿತು.

ಸದಸ್ಯತ್ವ ಬಯಸುವ ಮಹಿಳೆ ತನ್ನಿಂದ ಆರಂಭಿಸಿ ಸ್ವಾತಂತ್ರ್ಯ ಹೋರಾಟಕ್ಕೆ ನೆರವಾದ ಪೂರ್ವಜರವರೆಗೆ ಪ್ರತಿ ತಲೆಮಾರಿನ ನೇರ ಸಂಬಂಧವನ್ನು ತೋರಿಸಬೇಕು. ಪೂರ್ವಜರು ಸಲ್ಲಿಸಿದ ಸೇವೆಗೂ ಆಧಾರ ಒದಗಿಸಬೇಕು. ಮೊದಲ ವರ್ಷಗಳಲ್ಲಿ ಈ ನಿಯಮ ಎಷ್ಟು ಬಿಗಿಯಾಗಿರಬೇಕೆಂಬ ವಿಷಯದಲ್ಲಿ ಭಿನ್ನಾಭಿಪ್ರಾಯವಿತ್ತು. ಸ್ಥಾಪನೆಯಲ್ಲಿ ಪಾಲ್ಗೊಂಡಿದ್ದ ಫ್ಲೋರಾ ಆಡಮ್ಸ್ ಡಾರ್ಲಿಂಗ್ 1891ರಲ್ಲಿ ಹೊರನಡೆದು ಬೇರೊಂದು ಸಂಘವನ್ನು ಕಟ್ಟಿದರು. ಸ್ಥಾಪಕಿಯರು ಯಾರೆಂಬ ವಿವಾದವೂ ಕೆಲಕಾಲ ನಡೆಯಿತು. 1898ರಲ್ಲಿ ಸಂಸ್ಥೆಯು ಎಲೆನ್ ವಾಲ್ವರ್ತ್, ಮೇರಿ ಡೇಶಾ ಮತ್ತು ಯುಜೀನಿಯಾ ವಾಷಿಂಗ್ಟನ್ ಅವರಿಗೆ ಸ್ಥಾಪಕಿಯರ ಪದಕವನ್ನೂ, ಮೇರಿ ಲಾಕ್‌ವುಡ್ ಅವರಿಗೆ ಸೇವಾ ಪದಕವನ್ನೂ ನೀಡಿ ಗೌರವಿಸಿತು. ಇಂದು ನಾಲ್ವರನ್ನೂ ಸ್ಥಾಪಕಿಯರೆಂದೇ ಸ್ಮರಿಸಲಾಗುತ್ತದೆ.

1892ರಲ್ಲಿ ಆರಂಭವಾದ ಸಂಸ್ಥೆಯ ಮಾಸಪತ್ರಿಕೆ ಅಮೆರಿಕನ್ ಮಂತ್ಲಿ ಮ್ಯಾಗಜೀನ್‌ನ ಸಂಪಾದಕತ್ವವನ್ನು ಎಲೆನ್ ಅವರು 1894ರವರೆಗೆ ನಿರ್ವಹಿಸಿದರು. ದೂರದ ಊರುಗಳ ಶಾಖೆಗಳ ವರದಿಗಳೂ, ಐತಿಹಾಸಿಕ ಲೇಖನಗಳೂ ಅದರಲ್ಲಿ ಪ್ರಕಟವಾಗುತ್ತಿದ್ದವು.

ರಾಷ್ಟ್ರೀಯ ಪತ್ರಾಗಾರದ ಪರ ವಾದ

ಅಂದಿನ ಅಮೆರಿಕದಲ್ಲಿ ಸರ್ಕಾರದ ಹಳೆಯ ಕಾಗದಪತ್ರಗಳನ್ನು ಒಂದೆಡೆ ಕಾಪಾಡುವ ವ್ಯವಸ್ಥೆಯಿರಲಿಲ್ಲ. ಆಯಾ ಇಲಾಖೆಗಳ ನೆಲಮಾಳಿಗೆ ಮತ್ತು ಅಟ್ಟಗಳಲ್ಲಿ ಅವು ತೇವಕ್ಕೂ ಬೆಂಕಿಗೂ ತುತ್ತಾಗುವಂತಿದ್ದವು. 1893ರ ಜುಲೈನಲ್ಲಿ ಶಿಕಾಗೋದ ವಿಶ್ವ ವಸ್ತುಪ್ರದರ್ಶನದ ಸಂದರ್ಭದಲ್ಲಿ ಅಮೆರಿಕನ್ ಹಿಸ್ಟಾರಿಕಲ್ ಅಸೋಸಿಯೇಷನ್ ಸಮಾವೇಶ ನಡೆಯಿತು. ರಾಷ್ಟ್ರದ ಜೀವನ ಹಾಗೂ ಪ್ರಗತಿಗೆ ರಾಷ್ಟ್ರೀಯ ಪತ್ರಾಗಾರದಿಂದ ಒದಗುವ ಪ್ರಯೋಜನವನ್ನು ಕುರಿತು ಎಲೆನ್ ಅವರು ಬರೆದ ಪ್ರಬಂಧ ಆ ಸಮಾವೇಶದಲ್ಲಿ ಮಂಡಿತವಾಯಿತು. ಇತಿಹಾಸಕಾರ ಫ್ರೆಡರಿಕ್ ಜಾಕ್ಸನ್ ಟರ್ನರ್ ಅಮೆರಿಕದ ಗಡಿನಾಡಿನ ಬಗೆಗಿನ ತಮ್ಮ ಪ್ರಸಿದ್ಧ ಪ್ರಬಂಧವನ್ನು ಓದಿದ್ದೂ ಇದೇ ಸಮಾವೇಶದಲ್ಲಿ.

ಮೂಲ ದಾಖಲೆಗಳಿಲ್ಲದೆ ಇತಿಹಾಸ ಬರೆಯಲಾಗದೆಂಬುದನ್ನು ಸರಟೋಗಾದ ಕೆಲಸದಲ್ಲಿ ಅವರು ಕಂಡುಕೊಂಡಿದ್ದರು. ವಂಶಾವಳಿಯನ್ನು ಸಾಬೀತುಪಡಿಸಬೇಕಾದ ಮಹಿಳೆಯರಿಗೂ ಇದೇ ತೊಂದರೆ ಎದುರಾಗುತ್ತಿತ್ತು. ಮುಂದೆ ಜೆ. ಫ್ರಾಂಕ್ಲಿನ್ ಜೇಮ್ಸನ್ ಮೊದಲಾದ ವಿದ್ವಾಂಸರು ದೀರ್ಘಕಾಲ ಶ್ರಮಿಸಿದರು. 1921ರ ಜನವರಿಯಲ್ಲಿ ವಾಷಿಂಗ್ಟನ್ನಿನ ವಾಣಿಜ್ಯ ಇಲಾಖೆಯ ಕಟ್ಟಡಕ್ಕೆ ಬೆಂಕಿ ಬಿದ್ದು, ಅಲ್ಲಿದ್ದ 1890ರ ಜನಗಣತಿಯ ಹಾಳೆಗಳು ಬೆಂಕಿ ಮತ್ತು ನೀರಿನಿಂದ ಹಾನಿಗೊಂಡವು. ಆ ಜನಗಣತಿಯ ಬಹುಪಾಲು ಶಾಶ್ವತವಾಗಿ ನಷ್ಟವಾಯಿತು. ರಾಷ್ಟ್ರೀಯ ಪತ್ರಾಗಾರ ಕಾಯ್ದೆ 1934ರ ಜೂನ್ 19ರಂದು ಜಾರಿಗೆ ಬಂದಿತು. ಆ ವೇಳೆಗೆ ಎಲೆನ್ ತೀರಿಕೊಂಡು ಹತ್ತೊಂಬತ್ತು ವರ್ಷಗಳಾಗಿದ್ದವು.

ಯುದ್ಧ ಪರಿಹಾರ ಕಾರ್ಯ ಮತ್ತು ಮಗಳ ಮರಣ

1898ರಲ್ಲಿ ಸ್ಪೇನ್‌ನೊಡನೆ ಯುದ್ಧ ಆರಂಭವಾದಾಗ ಎಲೆನ್ ಅವರು ಮಹಿಳೆಯರ ರಾಷ್ಟ್ರೀಯ ಯುದ್ಧ ಪರಿಹಾರ ಸಂಘದ ಮುಖ್ಯ ಕಾರ್ಯಭಾರ ವಹಿಸಿದರು. ಕ್ಯೂಬಾದಿಂದ ಹಿಂದಿರುಗಿದ ಸೈನಿಕರು ಗಾಯಗಳಿಗಿಂತ ಹೆಚ್ಚಾಗಿ ಮಲೇರಿಯಾ, ವಿಷಮಶೀತಜ್ವರ ಮತ್ತು ಹಳದಿ ಜ್ವರಗಳಿಂದ ನರಳುತ್ತಿದ್ದರು. ಅವರನ್ನು ಲಾಂಗ್ ಐಲೆಂಡ್‌ನ ಮಾಂಟಾಕ್‌ನಲ್ಲಿದ್ದ ವಿಕಾಫ್ ಶಿಬಿರದಲ್ಲಿ ಇರಿಸಲಾಗಿತ್ತು. ಕಿರಿಯ ಮಗಳು ರೂಬೆನಾ ಹೈಡ್ ವಾಲ್ವರ್ತ್ ವಾಸರ್ ಕಾಲೇಜಿನ ಪದವೀಧರೆ ಹಾಗೂ ಲೇಖಕಿ. ಸ್ವಯಂಸೇವಕ ದಾದಿಯಾಗಿ ಸೇರಿದ ಆಕೆ ಈ ಶಿಬಿರದಲ್ಲಿ ಸಾಂಕ್ರಾಮಿಕ ರೋಗಿಗಳ ಶುಶ್ರೂಷೆ ಮಾಡಿದಳು. ಅಲ್ಲಿಯೇ ವಿಷಮಶೀತಜ್ವರ ತಗಲಿ ಅಕ್ಟೋಬರ್ 18ರಂದು ಮರಣಹೊಂದಿದಳು. ಸರಟೋಗಾ ಸ್ಪ್ರಿಂಗ್ಸ್‌ನಲ್ಲಿ ಆಕೆಯ ಅಂತ್ಯಕ್ರಿಯೆ ಸೈನಿಕ ಗೌರವದೊಂದಿಗೆ ನಡೆಯಿತು.

ಇನ್ನೊಬ್ಬ ಮಗಳು, ತಾಯಿಯ ಹೆಸರನ್ನೇ ಹೊತ್ತಿದ್ದ ಎಲೆನ್, ಮೂಲನಿವಾಸಿ ಮಹಿಳೆ ಕಟೇರಿ ಟೆಕಕ್ವಿತಾ ಅವರ ಜೀವನಚರಿತ್ರೆಯನ್ನು 1891ರಲ್ಲಿ ಪ್ರಕಟಿಸಿದ್ದರು. ಕಟೇರಿ ಅವರಿಗೆ ಕ್ಯಾಥೊಲಿಕ್ ಚರ್ಚ್ 2012ರಲ್ಲಿ ಸಂತ ಪದವಿ ನೀಡಿತು.

ಕೊನೆಯ ದಿನಗಳು

ಎಲೆನ್ ಅವರು ಇಳಿವಯಸ್ಸಿನಲ್ಲಿ ಸರಟೋಗಾ ಸ್ಪ್ರಿಂಗ್ಸ್ ಮತ್ತು ವಾಷಿಂಗ್ಟನ್ ನಗರಗಳಲ್ಲಿ ವಾಸಿಸಿದರು. 1915ರ ಜೂನ್ 23ರಂದು ವಾಷಿಂಗ್ಟನ್ನಿನಲ್ಲಿ ತಮ್ಮ ಎಂಬತ್ತೆರಡನೆಯ ವಯಸ್ಸಿನಲ್ಲಿ ನಿಧನರಾದರು. ಸರಟೋಗಾ ಸ್ಪ್ರಿಂಗ್ಸ್‌ನ ಗ್ರೀನ್‌ರಿಡ್ಜ್ ಸ್ಮಶಾನದಲ್ಲಿ ಅವರ ಸಮಾಧಿಯಿದೆ.

ಸ್ಮರಣೆ ಮತ್ತು ಮೌಲ್ಯಮಾಪನ

ಸಂಸ್ಥೆಯ ನಾಲ್ವರು ಸ್ಥಾಪಕಿಯರ ಸ್ಮಾರಕ 1929ರ ಏಪ್ರಿಲ್‌ನಲ್ಲಿ ವಾಷಿಂಗ್ಟನ್ನಿನಲ್ಲಿ ಅನಾವರಣಗೊಂಡಿತು. ಇದನ್ನು ರೂಪಿಸಿದವರು ಶಿಲ್ಪಿ ಗರ್ಟ್ರೂಡ್ ವಾಂಡರ್‌ಬಿಲ್ಟ್ ವಿಟ್ನಿ. ಎಲೆನ್ ಅವರು ಗುರುತಿಸಿದ ಯುದ್ಧಭೂಮಿ 1938ರಲ್ಲಿ ಕಾಂಗ್ರೆಸ್ಸಿನ ಕಾಯ್ದೆಯ ಮೂಲಕ ಸರಟೋಗಾ ರಾಷ್ಟ್ರೀಯ ಐತಿಹಾಸಿಕ ಉದ್ಯಾನವಾಯಿತು. ಪೈನ್ ಗ್ರೋವ್ ಮನೆಯಲ್ಲಿ ಫ್ರಾಂಕ್‌ನ ಮಗಳು ಕ್ಲಾರಾ 1952ರಲ್ಲಿ ತೀರಿಕೊಳ್ಳುವವರೆಗೆ ವಾಸವಾಗಿದ್ದರು. 1955ರಲ್ಲಿ ಆ ಮನೆಯನ್ನು ಕೆಡವಲಾಯಿತು. ಅಲ್ಲಿನ ಪೀಠೋಪಕರಣ ಮತ್ತು ಕಾಗದಪತ್ರಗಳು ಸರಟೋಗಾ ಸ್ಪ್ರಿಂಗ್ಸ್‌ನ ಇತಿಹಾಸ ಸಂಗ್ರಹಾಲಯದಲ್ಲಿವೆ. ಈ ಮನೆತನದ ಕಥೆಯನ್ನು ಆಧರಿಸಿ ಜೆಫ್ರಿ ಓಬ್ರಿಯನ್ ಬರೆದ ಗ್ರಂಥ 2010ರಲ್ಲಿ ಪ್ರಕಟವಾಗಿದೆ.

ವಂಶವನ್ನೇ ಸದಸ್ಯತ್ವದ ಅಳತೆಯಾಗಿಸಿಕೊಂಡ ಈ ಸಂಸ್ಥೆ ಮುಂದೆ ತೀವ್ರ ಟೀಕೆಗೂ ಗುರಿಯಾಯಿತು. ಪುರುಷರು ಹೊರಗಿಟ್ಟರೆಂದು ಹುಟ್ಟಿಕೊಂಡ ಸಂಘವೇ ವರ್ಣದ ಕಾರಣದಿಂದ ಇತರರನ್ನು ಹೊರಗಿರಿಸಿತು. 1939ರಲ್ಲಿ ಕಪ್ಪು ಗಾಯಕಿ ಮರಿಯನ್ ಆಂಡರ್ಸನ್ ಅವರ ಕಛೇರಿಗೆ ತನ್ನ ಕಾನ್‌ಸ್ಟಿಟ್ಯೂಷನ್ ಹಾಲ್ ಸಭಾಂಗಣವನ್ನು ಅದು ನಿರಾಕರಿಸಿದಾಗ ಅಧ್ಯಕ್ಷರ ಪತ್ನಿ ಎಲೀನರ್ ರೂಸ್‌ವೆಲ್ಟ್ ಸದಸ್ಯತ್ವಕ್ಕೆ ರಾಜೀನಾಮೆ ನೀಡಿದರು. ಕಪ್ಪು ಮಹಿಳೆಯೊಬ್ಬರು ಸದಸ್ಯೆಯಾಗಿ ಬಹಿರಂಗವಾಗಿ ಗುರುತಿಸಲ್ಪಟ್ಟದ್ದು 1977ರಲ್ಲಿ. ಕರೆನ್ ಬ್ಯಾಚೆಲರ್ ಫಾರ್ಮರ್ ಎಂಬ ಆ ಮಹಿಳೆ ಪೆನ್ಸಿಲ್ವೇನಿಯಾದ ತಮ್ಮ ಪೂರ್ವಜರ ಸೇವೆಯನ್ನು ದಾಖಲೆಗಳಿಂದ ಸ್ಥಾಪಿಸಿದ್ದರು. ಸ್ವಾತಂತ್ರ್ಯ ಯುದ್ಧದಲ್ಲಿ ಸೇವೆ ಸಲ್ಲಿಸಿದ ಆಫ್ರಿಕನ್ ಅಮೆರಿಕನ್ನರು ಮತ್ತು ಮೂಲನಿವಾಸಿಗಳ ಹೆಸರುಗಳನ್ನು ಸಂಗ್ರಹಿಸಿದ ಬೃಹತ್ ಗ್ರಂಥವನ್ನು ಸಂಸ್ಥೆ 2008ರಲ್ಲಿ ಹೊರತಂದಿತು. ಮರೆತುಹೋದವರ ಹಕ್ಕನ್ನು ಸ್ಥಾಪಿಸಲು ಕಾಗದಪತ್ರಗಳು ಉಳಿದಿರಬೇಕೆಂಬ ಎಲೆನ್ ಅವರ ವಾದಕ್ಕೆ ಇವು ನಿದರ್ಶನಗಳಾಗಿವೆ.

ಪ್ರಮುಖ ಕೃತಿಗಳು

ಸರಟೋಗಾ ಯುದ್ಧ ಮತ್ತು ಯುದ್ಧಭೂಮಿಯ ಪ್ರವಾಸಿ ಕೈಪಿಡಿ (1877)
ಸರಟೋಗಾ ಕದನಗಳು ಹಾಗೂ ಸರಟೋಗಾ ಸ್ಮಾರಕ ಸಂಘದ ಚರಿತ್ರೆ (1891)
ರಾಷ್ಟ್ರೀಯ ಪತ್ರಾಗಾರದ ಮಹತ್ವವನ್ನು ಕುರಿತ ಪ್ರಬಂಧ (1893)